ಹೆಬ್ಬಾವಿಗೆ ಎರೆದ ಹಾಲು

ಹೋದ ವಾರ ನಮ್ಮ ಮನೆಯ ಫ್ರೀಜರಿನಲ್ಲಿ, ಐಸ್‌ಕ್ರೀಂ ಡಬ್ಬಿಯೊಂದರೊಳಗೆ ಆರು ಬಿಳಿ ಇಲಿಗಳಿದ್ದವು. ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ತನ್ನ ಫ್ರಿಜ್ ಕೆಟ್ಟಿದೆಯೆಂದು, “ಪೆಟ್ ಫುಡ್ ಆಂಟಿ, ಎರಡು ದಿನ ಇಟ್ಕೊಳಿ” ಎಂದು ನನ್ನ ಮಗಳ ಕೈಗೆ ಕೊಟ್ಟು ಹೋಗಿದ್ದ. ನಾಯಿಯದೋ ಬೆಕ್ಕಿನದೋ ಇರಬೇಕೆಂದು ಅವಳು ಇಟ್ಟುಕೊಂಡಿದ್ದಳು. ಅವತ್ತು ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ. ಸಂಜೆ ಬಟಾಣಿ ತೆಗೆಯಲು ಹೋದವಳು ಡಬ್ಬಿಯಿಂದ ನೀರು ಸೋರುತ್ತಿರುವುದನ್ನು ಕಂಡು ಮುಚ್ಚಳ ತೆಗೆದಳು.

“ಅಪ್ಪಾ! ಬಾರಪ್ಪಾ ಇಲ್ಲಿ! ಥೂ, ಬಟಾಣಿ ಪಕ್ಕದಲ್ಲೇ ಇಟ್ಟಿದೀನಲ್ಲಪ್ಪಾ!”

ಹೋಗಿ ನೋಡಿದೆ. ನೆನೆದು ಮೈಗಂಟಿದ ಬಿಳಿ ರೋಮ, ತೆಳ್ಳನೆ ಬಾಲ, ಅರೆ ಮುಚ್ಚಿದ ಕಣ್ಣು. ಅದರ ವಾಸನೆ ಹಸಿ ರಕ್ತದ್ದೂ ಅಲ್ಲ, ಕೊಳೆತದ್ದೂ ಅಲ್ಲ, ಎರಡರ ನಡುವಿನದು. ಮುಚ್ಚಳ ಮುಚ್ಚಿ, ಹುಡುಗನನ್ನು ಕೂಗಿ ಕರೆದೆ. ಹುಡುಗ ಓಡಿಬಂದು ನೂರು ಸಲ ಸಾರಿ ಕೇಳಿದ. ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬಾವು ಸಾಕಿದ್ದಾನಂತೆ, ಆಫ್ರಿಕದ ಜಾತಿಯಂತೆ, ಮೂರೇ ಅಡಿಯಂತೆ. “ಪಾಪದ್ದು ಅಂಕಲ್, ಏನೂ ಮಾಡಲ್ಲ. ಬಂದು ಒಂದ್ಸಲ ಮುಟ್ಟಿ ನೋಡಿ” ಎಂದ. ಬೇಡಪ್ಪ ಎಂದೆ. ಮುಟ್ಟಿದ್ದೇನೆ ಎಂದು ಹೇಳಲಿಲ್ಲ.

ಮುಟ್ಟಿದ್ದು ನಲವತ್ತೈದು ವರ್ಷಗಳ ಹಿಂದೆ. ಅದನ್ನು ನನ್ನ ಹೆಂಡತಿ ಬದುಕಿರುವವರೆಗೂ ಬಾಯಿ ಬಿಟ್ಟು ಹೇಳಿಕೊಳ್ಳಲಾಗಲಿಲ್ಲ. ಈಗ ಅವಳಿಲ್ಲ. ಬರೆಯುತ್ತೇನೆ.

ಆಗ ನಾನು ಬಸವನಗುಡಿಯ ಹೈಸ್ಕೂಲೊಂದರಲ್ಲಿ ಲ್ಯಾಬ್ ಅಟೆಂಡರ್. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು. ಕಪ್ಪೆಯ ಜಾಡಿಗಳನ್ನು ಒರೆಸುವುದು, ಸೂಕ್ಷ್ಮದರ್ಶಕವನ್ನು ಕಪಾಟಿನಿಂದ ತೆಗೆದು ಮತ್ತೆ ಒಳಗಿಡುವುದು, ಇಷ್ಟೇ ಕೆಲಸ. ಜೀವಶಾಸ್ತ್ರದ ಮೇಷ್ಟ್ರು ಮಾತ್ರ ನನ್ನನ್ನು ತಮ್ಮ ವಿದ್ಯಾರ್ಥಿಯ ಹಾಗೆ ನಡೆಸಿಕೊಳ್ಳುತ್ತಿದ್ದರು. ಸಣಕಲು ಮೈ, ಮದುವೆಯಾಗದ ನಲವತ್ತರ ಗಂಡಸು. ನಾನು ಯಾವುದಕ್ಕಾದರೂ ಮುಖ ಸಿಂಡರಿಸಿದರೆ ಅವರಿಗೆ ಆಗುತ್ತಿರಲಿಲ್ಲ. “ಥೂ ಅನ್ನೋಕ್ಕೆ ಮುಂಚೆ ಪೂರ್ತಿ ನೋಡಯ್ಯ. ಆಮೇಲೆ ಬೇಕಾದ್ರೆ ಅನ್ನು” ಎನ್ನುತ್ತಿದ್ದರು. ನಾನು ಪೂರ್ತಿ ನೋಡಿ, ಆಮೇಲೂ ಥೂ ಅನ್ನುತ್ತಿದ್ದೆ.

ಹೆಬ್ಬಾವು ಬಂದದ್ದು ತರಗುಪೇಟೆಯಿಂದ. ಬೇಳೆ ಮೂಟೆ ಇಳಿಸುವಾಗ ಲಾರಿಯ ತಳದಲ್ಲಿ ಸುತ್ತಿಕೊಂಡು ಮಲಗಿತ್ತಂತೆ. ಇಲಿಯ ಜಾಡು ಹಿಡಿದು ಯಾವ ಊರಿನಲ್ಲಿ ಹತ್ತಿಕೊಂಡಿತ್ತೋ. ಹಮಾಲಿಯೊಬ್ಬ ಅದನ್ನೂ ಮೂಟೆಯೆಂದುಕೊಂಡು ಕೊಕ್ಕೆ ಹಾಕಿ ಎಳೆದಿದ್ದ. ಬೆನ್ನಿನ ಮಾಂಸ ಅಂಗೈಯಗಲ ಕಿತ್ತುಬಂದಿತ್ತು. ಯಾರೋ ಮೇಷ್ಟ್ರಿಗೆ ಹೇಳಿಕಳಿಸಿದರು. ಅವರು ನನ್ನನ್ನೂ ಕರೆದುಕೊಂಡು ಹೋಗಿ, ಅದನ್ನು ಗೋಣಿಚೀಲಕ್ಕೆ ತುಂಬಿ, ಆಟೋದಲ್ಲಿ ನಮ್ಮಿಬ್ಬರ ಕಾಲ ಬಳಿ ಇಟ್ಟುಕೊಂಡು ಚಾಮರಾಜಪೇಟೆಯ ತಮ್ಮ ಮನೆಗೆ ಹೊರಟರು.

“ಏನ್ ಸಾರ್ ಅದು, ಕುಂಬಳಕಾಯಾ?” ಎಂದು ಆಟೋದವನು ಕೇಳಿದ.

“ಹೂಂ, ಸ್ವಲ್ಪ ಉಸಿರಾಡೋ ಕುಂಬಳಕಾಯಿ” ಎಂದರು ಮೇಷ್ಟ್ರು.

ಅವನು ನಕ್ಕ. ನಾನು ನಗಲಿಲ್ಲ. ಚೀಲದೊಳಗಿನಿಂದ ಅದು ನನ್ನ ಕಣಕಾಲಿಗೆ ಒರಗಿಕೊಂಡಿತ್ತು, ತಣ್ಣಗೆ, ಭಾರವಾಗಿ.

ಗಾಯ ಮಾಯುವವರೆಗೆ ಇಟ್ಟುಕೊಂಡು, ದೀಪಾವಳಿಯ ಹೊತ್ತಿಗೆ ಕಾಡಿಗೆ ಬಿಡುವುದೆಂದು ಮೇಷ್ಟ್ರು ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದರು. ಹಿತ್ತಲಿನಲ್ಲಿ ಬಚ್ಚಲ ಪಕ್ಕ ಹಳೆಯ ಸೌದೆ ಕೋಣೆಯಿತ್ತು. ಅಲ್ಲಿ ಮರದ ಚೌಕಟ್ಟಿಗೆ ತಂತಿಬಲೆ ಹೊಡೆದು ಗೂಡು ಮಾಡಿದರು. ಬೆಚ್ಚಗಿರಲೆಂದು ನೂರು ಕ್ಯಾಂಡಲಿನ ಬಲ್ಬು ಇಳಿಬಿಟ್ಟರು. ಹಿಂದಿನ ಗಲ್ಲಿಗೆ ತೆರೆಯುವ ಹಿತ್ತಲ ಬಾಗಿಲಿನ ಒಂದು ಬೀಗದಕೈ ನನಗೆ ಕೊಟ್ಟರು. ತರಗುಪೇಟೆ ಮಂಡಿಯ ಗೋದಾಮುಗಳಲ್ಲಿ ಬೋನಿಗೆ ಬಿದ್ದ ಹೆಗ್ಗಣಗಳನ್ನು ತರುವುದು ನನ್ನ ಪಾಲಿಗೆ ಬಂತು.

ಹೆಗ್ಗಣವನ್ನು ಒಳಗೆ ಬಿಟ್ಟರೆ ಹಾವು ಒಡನೆ ನುಗ್ಗುತ್ತಿರಲಿಲ್ಲ. ಅದರ ತುಟಿಯಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿದ್ದವು. ಎದುರಿನ ಪ್ರಾಣಿಯ ಮೈಕಾವು ಅವುಗಳಿಂದಲೇ ಅದಕ್ಕೆ ತಿಳಿಯುತ್ತದೆಂದು ಮೇಷ್ಟ್ರು ಹೇಳಿದ್ದರು. ನಾಲಗೆ ಆಡಿಸುತ್ತ ಕಾಯುತ್ತಿತ್ತು. ಆಮೇಲೆ ಒಂದೇ ಏಟು. ನಾನು ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಹೆಗ್ಗಣದ ಸುತ್ತ ಮೂರು ಸುತ್ತು ಬಿದ್ದಿರುತ್ತಿತ್ತು.

“ಮೂಳೆ ಪುಡಿ ಮಾಡುತ್ತೆ ಅಂತಾರೆ ಜನ. ಸುಳ್ಳು” ಎನ್ನುತ್ತಿದ್ದರು ಮೇಷ್ಟ್ರು, ತಂತಿಗೆ ಮೂಗು ತಾಗಿಸಿ. “ಅದು ಉಸಿರು ಬಿಟ್ಟಾಗೆಲ್ಲ ಇದು ಒಂದು ಕೂದಲೆಳೆ ಬಿಗಿ ಮಾಡುತ್ತೆ, ಅಷ್ಟೇ. ಉಸಿರುಕಟ್ಟಿ ಸಾಯುತ್ತೆ ಅಂತ ಪುಸ್ತಕದಲ್ಲಿದೆ. ನಂಗೇನೋ ರಕ್ತಾನೇ ನಿಂತೋಗುತ್ತೆ ಅನ್ಸುತ್ತೆ. ಇಷ್ಟು ಬೇಗ ಉಸಿರುಕಟ್ಟಿ ಯಾರೂ ಸಾಯಲ್ಲ ಕಣಯ್ಯ.”

ನುಂಗುವುದು ಇನ್ನೂ ಹೇಸಿಗೆ. ಕೆಳದವಡೆಯ ಎರಡು ಭಾಗಗಳು ಬೇರೆಬೇರೆಯಾಗಿ, ಒಂದಾದ ಮೇಲೊಂದು, ಹೆಗ್ಗಣದ ಮೇಲೆ ನಡೆದುಕೊಂಡು ಹೋಗುತ್ತಿದ್ದವು. ಜೊಲ್ಲು ಸುರಿದು ರೋಮವೆಲ್ಲ ಅಂಟಂಟಾಗುತ್ತಿತ್ತು. ಬಾಯಿ ತುಂಬಿದಾಗ ಉಸಿರು ಕಟ್ಟಬಾರದಲ್ಲ, ಅದಕ್ಕೆ ದವಡೆಯ ತಳದಿಂದ ಒಂದು ಕೆಂಪು ಕೊಳವೆ ಹೊರಗೆ ಚಾಚಿಕೊಳ್ಳುತ್ತಿತ್ತು. ಅದರ ತುದಿ ತೆರೆದು ಮುಚ್ಚುತ್ತಿತ್ತು. ಮೇಷ್ಟ್ರು ಟಾರ್ಚ್ ಬಿಟ್ಟು ತೋರಿಸಿದರು. “ಶ್ವಾಸನಾಳ. ನೇರ ಶ್ವಾಸಕೋಶಕ್ಕೆ ದಾರಿ. ಎಷ್ಟು ಚೆನ್ನಾಗಿದೆ ನೋಡು.” ನನಗೆ ಅದು ಚರ್ಮ ಸುಲಿದ ಬೆರಳಿನ ಹಾಗೆ ಕಂಡಿತು. ಓಡಿಹೋಗಿ ವಾಂತಿ ಮಾಡಿಕೊಂಡೆ. ತಿಂದ ಮೇಲೆ ಹತ್ತು ದಿನ ಅದನ್ನು ಮುಟ್ಟಬಾರದು, ಗಾಬರಿಯಾದರೆ ನುಂಗಿದ್ದನ್ನು ಕಕ್ಕಿಬಿಡುತ್ತದೆ ಎಂದೂ ಅವರು ಅವತ್ತೇ ಹೇಳಿಕೊಟ್ಟರು. ಎಲ್ಲವನ್ನೂ ಹೇಳಿಕೊಟ್ಟಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ಆ ಮನೆಯಲ್ಲಿ ನನ್ನ ಹಾಗೆ ಹೇಸುತ್ತಿದ್ದವರು ಇನ್ನೊಬ್ಬರಿದ್ದರು. ಮೇಷ್ಟ್ರ ತಾಯಿ. ಎಪ್ಪತ್ತು ದಾಟಿದ ಹೆಂಗಸು, ಮಡಿಯವರು. ಸೌದೆ ಕೋಣೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಾವಿನ ಹೇಲಿನ ಜೊತೆ ಸುಣ್ಣದ ಹೆಂಟೆಯಂಥದ್ದೊಂದು ಬೀಳುತ್ತಿತ್ತು. ಅದನ್ನು ನಾನು ಬಳಿದು ಎಸೆದು ಬಂದರೆ ಅಡುಗೆಮನೆಯ ಬಾಗಿಲಲ್ಲಿ ಚೊಂಬು ಹಿಡಿದು ಕಾದಿರುತ್ತಿದ್ದರು.

“ಕೈ ತೊಳ್ಕೊಂಡ್ಯೇನಪ್ಪಾ?”

“ಹೂಂ ಅಮ್ಮ.”

“ಇನ್ನೊಂದ್ಸಲ ತೊಳ್ಕೋ. ನಂಗೋಸ್ಕರ. ನಮ್ಮ ಕರ್ಮ, ಮಕ್ಕಳನ್ನ ಎತ್ತಿ ಆಡಿಸ್ಬೇಕಾದ ವಯಸ್ಸಲ್ಲಿ ನನ್ನ ಮಗ ಇದನ್ನ ತಂದಿಟ್ಕೊಂಡಿದಾನೆ.”

ಆಮೇಲೆ ಕಾಫಿ ಕೊಡುತ್ತಿದ್ದರು, ಮಗನಿಗೆ ಕೊಡುವ ಲೋಟದಲ್ಲೇ. ನಾನು ಯಾರ ಮನೆಯವನೆಂದು ಅವರಿಗೆ ಗೊತ್ತಿತ್ತು, ಆದರೂ ಲೋಟ ಬೇರೆಯಾಗಲಿಲ್ಲ. ಆಗೀಗ ಅವರಿಗೆ ಮರೆವು ಶುರುವಾಗಿತ್ತು. ಒಂದು ಸಲ ಕೊಟ್ಟ ಕಾಫಿಯನ್ನು ಮತ್ತೆ ಕೊಡುತ್ತಿದ್ದರು. ನಾನು ಸುಮ್ಮನೆ ಎರಡನೆಯದನ್ನೂ ಕುಡಿಯುತ್ತಿದ್ದೆ…

ನನ್ನ ಹೆಂಡತಿಗೆ ಎರಡು ಸಲ ಬಸಿರು ನಿಂತೂ ಉಳಿದಿರಲಿಲ್ಲ. ಎರಡನೆಯದು ಏಳನೆಯ ತಿಂಗಳಲ್ಲಿ ಹೋಯಿತು. ಶ್ರೀರಾಂಪುರದಲ್ಲಿದ್ದ ನನ್ನ ಅತ್ತೆ ಜೋಯಿಸರೊಬ್ಬರನ್ನು ಕೇಳಿ ಬಂದರು. ಸರ್ಪದೋಷ ಎಂದರಂತೆ. ಇನ್ನೇನು ಬೇಕು. ನನ್ನ ಹೆಂಡತಿ ನನ್ನ ಕೈಗಳನ್ನೇ ನೋಡತೊಡಗಿದಳು. “ನಾಗಪ್ಪನ ಎದುರಿಗೆ ಜೀವ ತೆಗೆಸೋ ಕೈ” ಎನ್ನುತ್ತಿದ್ದಳು. ನಾನು ಬಡಿಸಿದರೆ ಉಣ್ಣುತ್ತಿರಲಿಲ್ಲ. ನಾಗರಪಂಚಮಿಯ ದಿನ ಆ ಹಾವಿಗೇ ತನಿ ಎರೆಯಬೇಕು, ಕಲ್ಲಿಗಲ್ಲ, ಹುತ್ತಕ್ಕಲ್ಲ, ಆ ಹಾವಿಗೇ ಎಂದು ಹಟ ಹಿಡಿದಳು.

ಆ ಸಲ ಪಂಚಮಿಗೆ ಮೇಷ್ಟ್ರು ಊರಿನಲ್ಲಿರಲಿಲ್ಲ. ನೆಂಟರ ಮದುವೆಗೆ ಮೈಸೂರಿಗೆ ಹೋಗಿದ್ದರು. ಹೋಗುವ ಹಿಂದಿನ ದಿನ ದೊಡ್ಡ ಹೆಗ್ಗಣವೊಂದನ್ನು ಅದಕ್ಕೆ ಹಾಕಿ, “ಬಲ್ಬು ಉರೀತಿದ್ಯಾ ಅಂತ ಮಾತ್ರ ನೋಡು. ಬೇರೆ ಏನೂ ಮಾಡ್ಬೇಡ” ಎಂದಿದ್ದರು. ಮಧ್ಯಾಹ್ನ ಊಟವಾಗಿ ಅಮ್ಮನವರು ಮಲಗುವ ಹೊತ್ತಿಗೆ ನಾನು ಹಿಂದಿನ ಗಲ್ಲಿಯಿಂದ ಹೆಂಡತಿಯನ್ನೂ ಅತ್ತೆಯನ್ನೂ ಒಳಗೆ ಬಿಟ್ಟೆ. ಹಾಲು, ಅರಿಶಿನ, ಗೆಜ್ಜೆವಸ್ತ್ರ, ಚಿಗಳಿ, ತಂಬಿಟ್ಟು ಎಲ್ಲ ತಂದಿದ್ದರು.

ಅತ್ತೆ ಬಗ್ಗಿ ನೋಡಿದರು. “ಇದೇನ್ ಅಳಿಯಂದ್ರೇ, ಹೆಡೇನೇ ಇಲ್ಲ?”

“ಹೆಬ್ಬಾವಿಗೆ ಹೆಡೆ ಇರಲ್ಲ ಅತ್ತೆ.”

“ಹೆಡೆ ಇಲ್ದಿದ್ರೆ ನಾಗಪ್ಪ ಹೆಂಗಾಗ್ತಾನೆ? ಇದ್ಯಾವ್ದೋ ಬಸುರಿ ಹಾವು, ಹೊಟ್ಟೆ ನೋಡು.”

“ಬಸುರಿ ಅಲ್ಲಮ್ಮ, ಹೆಗ್ಗಣ” ಎಂದಳು ನನ್ನ ಹೆಂಡತಿ. “ಇವ್ರು ತಂದ್ಹಾಕಿದ್ದು. ಶಾಪ ಕೊಟ್ಟಿದ್ರೆ ಇದೇ ಕೊಟ್ಟಿರ್ಬೇಕು. ಸುಮ್ನೆ ಎರಿ.”

ಅರಿಶಿನ ಕಲಸಿದ ಹಾಲನ್ನು ತಂತಿಬಲೆಯ ಮೇಲಿಂದ ಎರೆದರು. ತಲೆಯ ಮೇಲೆ ಬಿತ್ತು. ಹಾವು ತಲೆಯನ್ನು ಸುರುಳಿಯೊಳಗೆ ಎಳೆದುಕೊಂಡಿತೇ ಹೊರತು ಕುಡಿಯಲಿಲ್ಲ. ಕುಡಿಯುವುದಿಲ್ಲ, ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂದೆ. “ಕುಡೀಲಿಲ್ಲ ಅಂದ್ರೆ ಒಪ್ಪಲಿಲ್ಲ ಅಂತ ಅರ್ಥ” ಎಂದರು ಅತ್ತೆ. ಹೆಂಡತಿ ಸೆರಗಿನ ಗಂಟಿನಿಂದ ಒಂದು ಒಳಲೆ ತೆಗೆದು ನನ್ನ ಮುಂದೆ ಹಿಡಿದಳು. ಎಳೆಗೂಸಿಗೆ ಹಾಲು ಕುಡಿಸುವ, ಕೊಕ್ಕಿನಂಥ ಮೂತಿಯ ಹಿತ್ತಾಳೆಯ ಒಳಲೆ. ಏಳನೆಯ ತಿಂಗಳಲ್ಲಿ ಹೋದ ಮಗುವಿಗೆಂದು ಕೊಂಡಿಟ್ಟದ್ದು.

ಅದನ್ನು ನೋಡಿದ ಮೇಲೆ ಇಲ್ಲ ಎನ್ನಲಾಗಲಿಲ್ಲ. ಗೂಡಿನ ಬಾಗಿಲು ತೆಗೆದು, ಮೇಷ್ಟ್ರು ಹಿಡಿಯುವುದನ್ನು ನೋಡಿದ್ದ ಹಾಗೆ ತಲೆಯ ಹಿಂದೆ ಹಿಡಿದೆ. ಕಡ್ಡಿಯಿಂದ ಬಾಯಿ ಬಿಡಿಸಿದೆ. ಒಳಗೆಲ್ಲ ಲೋಳೆ, ಹಿಂದಕ್ಕೆ ಬಾಗಿದ ಸೂಜಿಹಲ್ಲುಗಳ ಸಾಲು, ನಡುವೆ ಆ ಕೆಂಪು ಕೊಳವೆ, ತೆರೆದು ಮುಚ್ಚುತ್ತ. ಅದರ ಮೇಲೆಯೇ ಹಾಲು ಸುರಿದೆ. ಒಂದು ಒಳಲೆ. “ಇನ್ನೊಂದು” ಎಂದಳು. ಇನ್ನೊಂದು ಸುರಿದೆ.

ಅದು ನನ್ನ ತೋಳಿಗೆ ಸುತ್ತಿಕೊಂಡಿತು. ಎಲ್ಲಿಂದ ಬಂತೋ ಆ ಬಲ. ಬೆರಳುಗಳು ಮೊದಲು ಬಿಸಿಯಾದವು, ಆಮೇಲೆ ಜೋಮು ಹಿಡಿದು ನನ್ನವೇ ಅಲ್ಲ ಎಂಬಂತಾದವು. ರಕ್ತವೇ ನಿಂತುಹೋಗುತ್ತದೆ ಎಂದು ಮೇಷ್ಟ್ರು ಹೇಳಿದ್ದು ನಿಜ. ಅಷ್ಟರಲ್ಲಿ ಅದರ ಮೈಯುದ್ದಕ್ಕೂ ಒಂದು ಅಲೆ ಹಿಂದಿನಿಂದ ಮುಂದಕ್ಕೆ ಬಂತು. ತೋಳಿನ ಸುತ್ತು ಸಡಿಲವಾಗಿ ಅದರ ಗಂಟಲು ಉಬ್ಬಿತು. ಹೆಗ್ಗಣ ಹೊರಗೆ ಬಂತು, ನನ್ನ ಮೊಣಕಾಲ ಮೇಲೆ. ಅರ್ಧ ಕರಗಿದ ಮುಖ, ರೋಮ ಕಳಚಿ ಬೂದುಬಣ್ಣದ ಗಂಜಿಯಾದ ಮೈ, ಬಾಲ ಮಾತ್ರ ಹಾಗೇ. ಆ ನಾತವನ್ನು ಏನೆಂದು ಹೇಳಲಿ. ಅತ್ತೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಗಲ್ಲಿಗೆ ಓಡಿದರು. ಹೆಂಡತಿ ಅಲ್ಲೇ ಕಕ್ಕಿದಳು. ಕಕ್ಕಿ, ಬಾಯಿ ಒರೆಸಿಕೊಂಡು, “ಒಳಗೆ ಹೋಯ್ತು ರೀ. ನಾನೇ ನೋಡ್ದೆ, ಹಾಲು ಒಳಗೆ ಹೋಯ್ತು” ಎಂದಳು. ಅವಳ ಮುಖದಲ್ಲಿ ನಗು ಕಂಡು ವರ್ಷವಾಗಿತ್ತು.

ನಾನು ಎಲ್ಲವನ್ನೂ ತೊಳೆದೆ. ಹೆಗ್ಗಣವನ್ನು ಮೋರಿಗೆ ಎಸೆದೆ.

ಮೇಷ್ಟ್ರು ಬಂದವರು, ಇಷ್ಟು ಬೇಗ ಜೀರ್ಣವಾಯಿತೇ ಎಂದು ಆಶ್ಚರ್ಯಪಟ್ಟರು. ನಾನು ಹೌದೆಂದು ತಲೆಯಾಡಿಸಿದೆ. ಮೂರನೆಯ ದಿನಕ್ಕೆ ಹಾವು ತಲೆಯನ್ನು ಮೇಲಕ್ಕೆತ್ತಿ ಬಾಯಿ ತೆರೆದುಕೊಂಡು ಕೂರತೊಡಗಿತು. ಉಸಿರೆಳೆದರೆ ಸಿಳ್ಳೆಯಂಥ ಸದ್ದು, ಬಿಟ್ಟರೆ ನೊರೆ. “ಥಂಡಿ ಹೊಡೀತೇನೋ. ಬಲ್ಬು ಹೋಗಿತ್ತೇನಯ್ಯ?” ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಪಶುವೈದ್ಯರನ್ನು ಕರೆಸಿದರು. ಶಾಲೆಗೆ ರಜೆ ಹಾಕಿ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಆಗಲೇ ಹೇಳಿದ್ದರೆ ಏನಾದರೂ ಮಾಡುತ್ತಿದ್ದರೋ ಏನೋ… ಹತ್ತನೆಯ ದಿನ ಅದು ಸತ್ತಿತು. ಬೆನ್ನಿನ ಗಾಯ ಪೂರ್ತಿ ಮಾಯ್ದಿತ್ತು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಮಲಗಿಸಿ ಮೇಷ್ಟ್ರು ಕೊಯ್ದರು. ನಾನು ತಟ್ಟೆ ಹಿಡಿದಿದ್ದೆ. ಉದ್ದನೆಯ ಶ್ವಾಸಕೋಶವನ್ನು ಕತ್ತರಿಯಿಂದ ಸೀಳಿದಾಗ ಒಳಗಿನಿಂದ ಹಳದಿ ಗಡ್ಡೆಗಳು ಜಾರಿ ತಟ್ಟೆಗೆ ಬಿದ್ದವು. ಹುಳಿತ ನಾತ. “ಕೀವು ಇರ್ಬೇಕು ಸಾರ್” ಎಂದೆ. ಅವರು ಒಂದನ್ನು ಬೆರಳಿನಲ್ಲಿ ಹಿಚುಕಿ ಮೂಸಿದರು.

“ಹಾಲು” ಎಂದರು. “ಅರಿಶಿನದ ಹಾಲು. ಯಾರು?”

ಅಮ್ಮನವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಅವರನ್ನು ನೋಡಿದೆ. ನೋಡಿ, ಹೀಗೆಂದೆ: “ಅವತ್ತು ಪಂಚಮಿ ಅಲ್ವಾ ಸಾರ್… ಅಮ್ಮನವರು ಹಾಲಿನ ಗಿಂಡಿ ಹಿಡ್ಕೊಂಡು ಹಿತ್ತಲಲ್ಲಿ ಓಡಾಡ್ತಿದ್ರು.”

“ನಾನಾ?” ಎಂದರು ಅಮ್ಮನವರು. “ಆ ಹೊಲಸಿನ ಹತ್ರ ನಾನ್ಯಾಕೋ ಹೋಗ್ಲಿ? ಬೆಳಿಗ್ಗೆ ಅಶ್ವತ್ಥಕಟ್ಟೆ ನಾಗರಕಲ್ಲಿಗೆ ಎರೆದು ಬಂದೆ, ಅಷ್ಟೇ.”

“ಮೊನ್ನೆ ಒಲೆ ಮೇಲೆ ಹಾಲಿಟ್ಟು ಮರೆತು ಮಲಗಿದ್ದು ಯಾರಮ್ಮ?” ಮೇಷ್ಟ್ರ ಧ್ವನಿ ಅಷ್ಟು ಏರಿದ್ದನ್ನು ನಾನು ಅವತ್ತೇ ಕೇಳಿದ್ದು. “ಅವತ್ತೂ ನಾನಲ್ಲ ಅಂದೆ ತಾನೆ?”

ಒಂದು ಗಳಿಗೆ ಯೋಚಿಸಿದ್ದರೆ ಅವರಿಗೆ ತಿಳಿಯುತ್ತಿತ್ತು. ಹನ್ನೊಂದು ಅಡಿಯ ಹಾವನ್ನು ಹಿಡಿದು ಬಾಯಿ ಬಿಡಿಸುವ ಶಕ್ತಿ ಆ ಮುದಿ ಕೈಗಳಿಗೆ ಎಲ್ಲಿತ್ತು? ಆದರೆ ಅವರು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಅಮ್ಮನವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಒಳಗೆ ಹೋದರು.

ಇಷ್ಟೇ ಆಗಿದ್ದರೆ ಹೆದರಿಕೆಗೆ ಆಡಿದ ಮಾತು ಎಂದುಕೊಳ್ಳಬಹುದಿತ್ತು. ನಾಲ್ಕು ದಿನ ಬಿಟ್ಟು ಗೂಡನ್ನು ಬಿಚ್ಚಲು ಹೋದಾಗ ಅವರು ನನ್ನ ಬಳಿ ಬಂದರು. ಅವತ್ತು ಸೌದೆ ಕೋಣೆಯ ಹೊಸ್ತಿಲವರೆಗೂ ಬಂದರು.

“ನಿಜ ಹೇಳಪ್ಪ. ನೀನು ನೋಡಿದ್ಯಾ? ನಾನು ಎರೆದಿದ್ದು?”

ಮಗ ಮನೆಯಲ್ಲಿರಲಿಲ್ಲ. ಸುತ್ತ ಯಾರೂ ಇರಲಿಲ್ಲ. ಹೇಳಿಬಿಡಬಹುದಿತ್ತು. ಅವರು ನನ್ನನ್ನು ಮನೆಯಿಂದ ಓಡಿಸುತ್ತಲೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

“ನೋಡ್ದೆ ಅಮ್ಮ” ಎಂದೆ.

“ಹಾಗಾದ್ರೆ ನಾನೇ” ಎಂದರು. “ನಂಗೆ ನೆನಪೇ ಇಲ್ವಲ್ಲೋ ಮಹರಾಯ. ಪಂಚಮಿ ದಿನ ನಾಗಪ್ಪನ್ನ ಕೊಂದ್ನಲ್ಲ.”

ಅವತ್ತಿನಿಂದ ಅವರಿಗೆ ತಮ್ಮ ಮೇಲೆ ನಂಬಿಕೆ ಹೋಯಿತು. ದೀಪ ಹಚ್ಚಲೂ ಮಗನನ್ನು ಕೇಳುತ್ತಿದ್ದರು. ಮೇಷ್ಟ್ರು ಒಲೆಯನ್ನು ಅವರ ಕೈಗೆ ಸಿಗದ ಹಾಗೆ ಮಾಡಿ, ಅಡುಗೆಗೆ ಜನ ಇಟ್ಟರು. ಮಗ ತಾಯಿ ಒಬ್ಬರೊಡನೊಬ್ಬರು ಅಗತ್ಯಕ್ಕಷ್ಟೇ ಮಾತು. ಪ್ರಾಯಶ್ಚಿತ್ತವೆಂದು ಅಮ್ಮನವರು ಒಂದು ಹೊತ್ತಿನ ಊಟ ಬಿಟ್ಟರು, ಆಮೇಲೆ ಉಪ್ಪು ಬಿಟ್ಟರು. ನನಗೆ ಕಾಫಿ ಕೊಡುವಾಗ ಮಾತ್ರ, “ನಿನಗೆ ಆಗ್ಲೇ ಕೊಟ್ನಾ?” ಎಂದು ಹೆದರಿಕೊಂಡು ಕೇಳುತ್ತಿದ್ದರು. ಮುಂದಿನ ಪಂಚಮಿ ಬರುವುದಕ್ಕೆ ಮುಂಚೆ, ಆಷಾಢದಲ್ಲಿ, ತೀರಿಕೊಂಡರು. ಮರುತಿಂಗಳು, ಶ್ರಾವಣದಲ್ಲಿ, ನನ್ನ ಮಗಳು ಹುಟ್ಟಿದಳು. ನಾಗಪ್ಪ ಕೊಟ್ಟ ಮಗು ಎಂದು ನನ್ನ ಹೆಂಡತಿ ಕೊನೆಯವರೆಗೂ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಹುಳಿತ ಹಾಲಿನ ನಾತ ನನ್ನ ಮೂಗಿಗೆ ಬರುತ್ತಿತ್ತು. ಹಾವನ್ನು ಕಂಡು ಹೇಸಿದ್ದು ಏನೂ ಅಲ್ಲ. ಅದು ತನ್ನ ಹೊಟ್ಟೆಗೆ ಬೇಕಾದ್ದನ್ನು ಮಾಡುತ್ತಿತ್ತು. ನಾನು ಮಾಡಿದ್ದಕ್ಕೆ ಏನೆನ್ನಬೇಕು?

ಮೊನ್ನೆ ಭಾನುವಾರ ಮೇಷ್ಟ್ರನ್ನು ನೋಡಲು ಹೋದೆ. ಚಾಮರಾಜಪೇಟೆಯ ಮನೆ ಈಗಿಲ್ಲ. ಬಸವನಗುಡಿಯ ಫ್ಲ್ಯಾಟಿನಲ್ಲಿ ತಂಗಿಯ ಮಗಳ ಜೊತೆ ಇದ್ದಾರೆ. ಎಂಬತ್ತೈದು ದಾಟಿದೆ. “ಮಾಮನಿಗೆ ಯಾರ ಗುರುತೂ ಸರಿಯಾಗಿ ಸಿಗಲ್ಲ, ಬೇಜಾರು ಮಾಡ್ಕೋಬೇಡಿ” ಎಂದು ಆಕೆ ಮೊದಲೇ ಹೇಳಿದರು. ಆದರೆ ನನ್ನನ್ನು ನೋಡಿದ ಕೂಡಲೇ ಮೇಷ್ಟ್ರು, “ಬಂದ್ಯಾ? ಹೆಗ್ಗಣ ಸಿಕ್ತಾ?” ಎಂದರು.

ಅವರ ಕಾಲ ಬಳಿ ಕೂತೆ. ತಡಮಾಡಿದರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

“ಸಾರ್, ಆ ಹಾಲು ಎರೆದದ್ದು ಅಮ್ಮನವರಲ್ಲ. ನಾನು. ಅಮ್ಮನವರ ಮೇಲೆ ಸುಳ್ಳು ಹೇಳ್ದೆ.”

ಅವರು ನನ್ನ ಮುಖವನ್ನೇ ನೋಡಿದರು, ಹಿಂದೆ ಜಾಡಿಯೊಳಗಿನದನ್ನು ನೋಡುತ್ತಿದ್ದ ಹಾಗೆ, ಪೂರ್ತಿಯಾಗಿ.

“ನಂಗ್ಯಾಕಯ್ಯ ಹೇಳ್ತೀಯಾ? ಅಮ್ಮ ಒಳಗಿದಾಳೆ, ಅವಳಿಗೆ ಹೇಳ್ಹೋಗು. ಪಾಪ, ಊಟ ಬಿಟ್ಟು ಕೂತಿದಾಳೆ.”

ತಂಗಿಯ ಮಗಳು ‘ಹೋಗಿ’ ಎಂಬಂತೆ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಒಳಗಿನ ಕೋಣೆಗೆ ಹೋದೆ. ಇಸ್ತ್ರಿ ಮೇಜು, ಮಡಿಸದ ಬಟ್ಟೆಯ ರಾಶಿ, ಗಾಳಿಯಿಲ್ಲದ ಚಕ್ರದ ಒಂದು ಸೈಕಲ್. ಕಿಟಕಿಯ ಪರದೆ ಎಳೆದಿತ್ತು. “ಅಮ್ಮಾ” ಎಂದೆ. ಮುಂದಿನದು ಬಾಯಿಗೆ ಬರಲಿಲ್ಲ. ಹೊರಗೆ ಬಂದೆ.

“ಹೇಳ್ದ್ಯಾ? ಏನಂದ್ಲು?” ಎಂದರು ಮೇಷ್ಟ್ರು.

“ಏನೂ ಅನ್ಲಿಲ್ಲ ಸಾರ್.”

“ಇನ್ನೊಂದ್ಸಲ ಹೇಳು” ಎಂದರು. “ಈಚೀಚೆಗೆ ಅವಳಿಗೆ ಮರೆವು.”

ನಾನು ಮತ್ತೆ ಒಳಗೆ ಹೋದೆ.